ಸವೆದ ಡೈ, ಹಳದಿ ಡೆಕಾಲ್: ಹಳೇ ಹರಿಕೇನ್ ಕಿಟ್ ಕಟ್ಟೋದು ಹೇಗೆ?

ನಮ್ಮ ಕಾಕಾ 80ರ ದಶಕದಲ್ಲಿ ಮುಂಬೈಯಲ್ಲಿ ಕೆಲಸಕ್ಕಿದ್ದರು. ಆಗ ಒಂದು ಪ್ಲಾಸ್ಟಿಕ್ ವಿಮಾನದ ಕಿಟ್ ಕೊಂಡಿದ್ದರಂತೆ. ಎರಡನೇ ಮಹಾಯುದ್ಧದ ಹಾಕರ್ ಹರಿಕೇನ್, 1/72 ಅಳತೆಯದ್ದು. ಕೊಂಡರು, ಕಟ್ಟಲಿಲ್ಲ. ಅದು ಬೆಳಗಾವಿಗೆ ಬಂದು ಶಹಾಪುರದ ಮನೆಯ ಟ್ರಂಕಿನಲ್ಲಿ, ಕಾಕೂನ ಇಳಕಲ್ ಸೀರೆಗಳ ಕೆಳಗೆ ಮಲಗಿಬಿಟ್ಟಿತು. ಕಳೆದ ದೀಪಾವಳಿಗೆ ಮನೆಗೆ ಬಣ್ಣ ಹೊಡೆಸುವಾಗ ಟ್ರಂಕ್ ಹೊರಗೆ ಬಂತು, ಡಬ್ಬಿಯೂ ಬಂತು. "ನೀನs ತಗೊಂಡ್ ಹೋಗು, ನನ್ನ ಕಣ್ಣಿಗೆ ಇನ್ನ ಆಗೂದಿಲ್ಲ" ಅಂದರು ಕಾಕಾ.

ಡಬ್ಬಿ ತೆರೆದರೆ ಮೊದಲು ಬಂದದ್ದು ನುಸಿ ಗುಳಿಗೆಯ ವಾಸನೆ. (ನುಸಿ ಗುಳಿಗೆಯ ಆವಿ ಈ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಬಲ್ಲದು. ನಿಮ್ಮ ಟ್ರಂಕಿನಲ್ಲೂ ಹೀಗೆ ಏನಾದರೂ ಇದ್ದರೆ ಇವತ್ತೇ ಹೊರಗೆ ತೆಗೆಯಿರಿ.) ಆಮೇಲೆ ಕಂಡದ್ದು: ಒಂದು ರೆಕ್ಕೆ ಸ್ವಲ್ಪ ಸೊಟ್ಟ. ಭಾಗಗಳ ಅಂಚಿಗೆಲ್ಲ ದೋಸೆಯ ಅಂಚಿನ ಗರಿಯಂಥ ತೆಳು ಪ್ಲಾಸ್ಟಿಕ್. ಮೈ ತುಂಬಾ ಸಾಸಿವೆ ಚೆಲ್ಲಿದಂತೆ ಉಬ್ಬಿದ ರಿವೆಟ್ಟುಗಳು. ಕಾಕ್‌ಪಿಟ್ ಅನ್ನುವುದೇ ಇಲ್ಲ, ಒಂದು ಅಡ್ಡಪಟ್ಟಿ, ಅದರ ಮೇಲೆ ಕೂರಲು ಮುಖವಿಲ್ಲದ ಒಬ್ಬ ಪೈಲಟ್. ವಿಮಾನದ ಮೈಗೆ ಅಂಟಿಸುವ ಗುರುತುಗಳ ಡೆಕಾಲ್ ಹಾಳೆ ಅರಿಶಿನ ಮೆತ್ತಿದಂತೆ ಹಳದಿ.

ಹೊಸ ಕಿಟ್ ಕಟ್ಟಿ ರೂಢಿ ಇದ್ದವರು ಇದನ್ನು ನೋಡಿ ಡಬ್ಬಿ ಮುಚ್ಚಿಬಿಡುತ್ತಾರೆ. ನಾನೂ ಮುಚ್ಚಿದ್ದೆ. ಮತ್ತೆ ತೆರೆಸಿದ್ದು ಬೆಳಗಾವಿಯ ಕಾರ್ಖಾನೆಗಳ ಪ್ರದೇಶ ಉದ್ಯಮಬಾಗದಲ್ಲಿ ಡೈ, ಅಂದರೆ ಉಕ್ಕಿನ ಅಚ್ಚು, ಮಾಡುವ ನನ್ನ ಗೆಳೆಯ. ಅವನಿಗೆ ವಿಮಾನಗಳ ಬಗ್ಗೆ ಏನೂ ಗೊತ್ತಿಲ್ಲ. ಹರಿಕೇನ್ ಅಂದರೆ ಲಾಟೀನು ಅಂದುಕೊಂಡಿದ್ದ. ಆದರೆ ಒಂದು ಭಾಗ ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು, "ಡೈ ಸವದು ಹೋಗೇತಿ ನೋಡು ಇದರದು. ಕೈಲೇ ಕೆತ್ತಿದ ಡೈ ಬ್ಯಾರೆ" ಅಂದ. ಅರ್ಧ ಗಂಟೆಯಲ್ಲಿ ಆ ಪ್ಲಾಸ್ಟಿಕ್ಕಿನ ಒಂದೊಂದು ದೋಷಕ್ಕೂ ಕಾರಣ ಹೇಳಿದ. ದೋಷ ಯಾಕೆ ಬಂತು ಅಂತ ತಿಳಿದರೆ ಅದನ್ನು ಏನು ಮಾಡಬೇಕು, ಯಾವುದನ್ನು ಸುಮ್ನೆ ಬಿಡಬೇಕು ಅನ್ನೋದು ತಾನೇ ಹೊಳೆಯುತ್ತದೆ. ಈ ಲೇಖನ ಅಲ್ಲಿಂದಲೇ ಶುರು.

ಡೈಯಲ್ಲಿ ಎಲ್ಲವೂ ಉಲ್ಟಾ

ಈ ಕಿಟ್ಟುಗಳು ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನವು. ಕಾಳಿನಂತಿರುವ ಪ್ಲಾಸ್ಟಿಕ್ಕನ್ನು 200 ಡಿಗ್ರಿಗೂ ಮೇಲೆ ಕಾಯಿಸಿ ಕರಗಿಸುತ್ತಾರೆ. ಗಟ್ಟಿಯಾಗಿ ಒತ್ತಿಹಿಡಿದ ಎರಡು ಉಕ್ಕಿನ ಅಚ್ಚುಗಳ ನಡುವೆ ಜೋರಾದ ಒತ್ತಡದಲ್ಲಿ ನುಗ್ಗಿಸುತ್ತಾರೆ. ತಣ್ಣಗಾದ ಮೇಲೆ ಅಚ್ಚು ಬಿಚ್ಚುತ್ತಾರೆ. ಭಾಗಗಳು ಒಂದು ಚೌಕಟ್ಟಿಗೆ ಅಂಟಿಕೊಂಡೇ ಹೊರಗೆ ಬರುತ್ತವೆ. ಆ ಚೌಕಟ್ಟು ಕರಗಿದ ಪ್ಲಾಸ್ಟಿಕ್ ಹರಿದು ಬಂದ ಕಾಲುವೆ. ಮಾಡೆಲ್ ಕಟ್ಟುವವರು ಅದಕ್ಕೆ ಸ್ಪ್ರೂ ಅನ್ನುತ್ತಾರೆ, ಉದ್ಯಮಬಾಗದಲ್ಲಿ ರನ್ನರ್.

ಈಗ ಆ ದೋಸೆ ಗರಿ. ಅದರ ಹೆಸರು ಫ್ಲ್ಯಾಶ್. ಎರಡು ಅಚ್ಚುಗಳು ಹೊಸದಿದ್ದಾಗ ಕೂದಲೆಳೆಯಷ್ಟೂ ಸಂದಿಯಿಲ್ಲದೆ ಕೂರುತ್ತವೆ. ಸಾವಿರಾರು ಸಲ ಒತ್ತಿ ಒತ್ತಿ ಅಂಚು ಸವೆಯುತ್ತದೆ. ಸವೆದ ಸಂದಿಯಲ್ಲಿ ಪ್ಲಾಸ್ಟಿಕ್ ಜಿನುಗುತ್ತದೆ. ಬೆಳಗಾವಿಯ ಫೌಂಡ್ರಿಗಳಲ್ಲಿ ಎರಕದ ಭಾಗದ ಅಂಚಿಗೆ ಬರುವ ರೆಕ್ಕೆಯಂಥ ಹೆಚ್ಚುವರಿ ಲೋಹವನ್ನು ನೋಡಿದವರಿಗೆ ಇದು ಹೊಸದಲ್ಲ. ಅಲ್ಲಿ ಅದನ್ನು ಉಜ್ಜಿ ತೆಗೆಯುವ ಕೆಲಸಕ್ಕೆ ಫೆಟ್ಲಿಂಗ್ ಅನ್ನುತ್ತಾರೆ. ನಾವು ಮಾಡುವುದೂ ಅದೇ ಫೆಟ್ಲಿಂಗ್, ಗ್ರೈಂಡರ್ ಬದಲು ಬ್ಲೇಡಿನಿಂದ. ಬ್ಲೇಡನ್ನು ನೇರಕ್ಕೆ ಹಿಡಿದು ಕೆರೆಯಬೇಕು, ಕತ್ತರಿಸಬಾರದು. ಕತ್ತರಿಸಲು ಹೋದರೆ ಬ್ಲೇಡು ಒಳಗೆ ಇಳಿದು ಭಾಗವನ್ನೇ ತಿನ್ನುತ್ತದೆ.

ದಪ್ಪ ಪ್ಲಾಸ್ಟಿಕ್ ಇದ್ದ ಕಡೆ ಮೇಲ್ಮೈ ಕುಸಿದು ಸಣ್ಣ ತಗ್ಗು ಬಿದ್ದಿರುತ್ತದೆ. ಹೊರಗಿನ ಪದರ ಮೊದಲು ಗಟ್ಟಿಯಾಗಿ, ಒಳಗಿನ ಬಿಸಿ ಪ್ಲಾಸ್ಟಿಕ್ ನಿಧಾನಕ್ಕೆ ಕುಗ್ಗುತ್ತಾ ಹೊರಗಿನದನ್ನು ಎಳೆದುಕೊಳ್ಳುತ್ತದೆ, ಅದಕ್ಕೇ ತಗ್ಗು. ನಾಣ್ಯ ಒತ್ತಿದಂತೆ ಅಲ್ಲಲ್ಲಿ ಕಾಣುವ ದುಂಡನೆ ಗುರುತುಗಳು ಬೇರೆ. ಅವು ಭಾಗವನ್ನು ಅಚ್ಚಿನಿಂದ ಹೊರಗೆ ತಳ್ಳಿದ ಪಿನ್ನುಗಳ ಗುರುತು. ಒಳಗಡೆ ಇದ್ದರೆ ಬಿಡಿ, ಯಾರು ನೋಡ್ತಾರೆ?

ಕಾಕ್‌ಪಿಟ್ ಇಲ್ಲದ್ದಕ್ಕೆ ಸೋಮಾರಿತನವೊಂದೇ ಕಾರಣ ಅಲ್ಲ. ಭಾಗವು ಅಚ್ಚಿನಿಂದ ನೇರಕ್ಕೆ ಹೊರಗೆ ಬರಬೇಕು. ಎಲ್ಲೂ ಕೊಕ್ಕೆಯಂತೆ ಒಳಕ್ಕೆ ತಿರುಗಿರಬಾರದು. ಹಾಗಾಗಿ ಸೀಟು, ಪೆಡಲ್, ಸಲಕರಣೆ ಫಲಕ ಎಲ್ಲ ಬೇಕೆಂದರೆ ಪ್ರತಿಯೊಂದೂ ಬೇರೆ ಬೇರೆ ಭಾಗ. ಭಾಗ ಹೆಚ್ಚಿದಷ್ಟೂ ಡೈ ಖರ್ಚು ಹೆಚ್ಚು. ಇದು ಮಕ್ಕಳು ಕೈಖರ್ಚಿನ ಹಣದಲ್ಲಿ ಕೊಳ್ಳುವ ಆಟಿಕೆ. ಇಂಗ್ಲೆಂಡಿನ ಏರ್‌ಫಿಕ್ಸ್ ಕಂಪನಿ 1950ರ ದಶಕದಲ್ಲಿ ತನ್ನ ಮೊದಲ ಸ್ಪಿಟ್‌ಫೈರ್ ಯುದ್ಧವಿಮಾನದ ಕಿಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ವೂಲ್‌ವರ್ತ್ ಅಂಗಡಿಗಳಲ್ಲಿ ಎರಡು ಶಿಲ್ಲಿಂಗಿಗೆ ಮಾರಿತ್ತು. ಎರಡು ಶಿಲ್ಲಿಂಗಿಗೆ ಕಾಕ್‌ಪಿಟ್ ಬೇರೆ ಬೇಕಾ?

ಇನ್ನು ಎಲ್ಲರೂ ಬೈಯುವ ಉಬ್ಬು ಗೆರೆಗಳು. ನಿಜವಾದ ವಿಮಾನದ ಮೈ ಅಲ್ಯೂಮಿನಿಯಂ ಹಾಳೆಗಳನ್ನು ಜೋಡಿಸಿ ಮಾಡಿದ್ದು. ಹಾಳೆಗಳು ಕೂಡುವ ಕಡೆ ಒಂದು ಸಣ್ಣ ಸಂದಿ ಇರುತ್ತದೆ. ಹೊಸ ಕಿಟ್ಟುಗಳಲ್ಲಿ ಆ ಸಂದಿ ತಗ್ಗು ಗೆರೆಯಾಗಿ ಬರುತ್ತದೆ. ಹಳೇ ಕಿಟ್ಟುಗಳಲ್ಲಿ ಉಬ್ಬು ಗೆರೆ. ಸಂದಿ ಯಾಕೆ ಉಬ್ಬುತ್ತದೆ? ವರ್ಷಗಟ್ಟಲೆ ನನಗೂ ಇದೇ ಪ್ರಶ್ನೆ. ಇಂಗ್ಲೆಂಡಿನವರಿಗೆ ಇಷ್ಟೂ ತಿಳಿಯಲಿಲ್ಲವಾ ಅಂದುಕೊಂಡಿದ್ದೆ.

ಗೆಳೆಯ ನಕ್ಕ. ಮೇಜಿನ ಮೇಲಿದ್ದ ಉಕ್ಕಿನ ತುಂಡಿನ ಮೇಲೆ ಗೆರೆ ಹಾಕುವ ಸೂಜಿಯಿಂದ ಒಂದು ಗೀಟು ಎಳೆದ. ಒಂದು ಸೆಕೆಂಡಿನ ಕೆಲಸ. "ಇದು ತಗ್ಗು. ಇದರಾಗ ಪ್ಲಾಸ್ಟಿಕ್ ಸುರದ್ರ ಏನ್ ಬರ್ತೈತಿ?" ಉಬ್ಬು ಬರುತ್ತದೆ. "ಈಗ ಪ್ಲಾಸ್ಟಿಕ್ಕಿನಾಗ ತಗ್ಗು ಬೇಕಂದ್ರ ಉಕ್ಕಿನ್ಯಾಗ ಉಬ್ಬು ಬೇಕು. ಅಂದ್ರ ಆ ಗೆರಿ ಒಂದನ್ನ ಬಿಟ್ಟು ಸುತ್ತಲಿನ ಉಕ್ಕು ಎಲ್ಲಾ ತಗೀಬೇಕು. ಅದೂ ಕೈಲೇ. ಯಾವನು ಮಾಡ್ತಾನ?"

ಅಷ್ಟೇ ವಿಷಯ. ಡೈಯಲ್ಲಿ ಎಲ್ಲ ಉಲ್ಟಾ. ಆಗ ಮೊದಲು ಎರಡು ಮೂರು ಪಟ್ಟು ದೊಡ್ಡದಾಗಿ ಒಂದು ಮೂಲ ಮಾದರಿ ಮಾಡುತ್ತಿದ್ದರು. ಪ್ಯಾಂಟೋಗ್ರಾಫ್ ಯಂತ್ರದ ಒಂದು ಕೈ ಅದನ್ನು ಸವರಿಕೊಂಡು ಹೋದರೆ ಇನ್ನೊಂದು ಕೈ ಅದನ್ನೇ ಸಣ್ಣದಾಗಿ ಉಕ್ಕಿನಲ್ಲಿ ಕೆತ್ತುತ್ತಿತ್ತು. ಗೆರೆ, ರಿವೆಟ್ಟುಗಳನ್ನು ಆಮೇಲೆ ಕೈಯಿಂದ ಹಾಕುತ್ತಿದ್ದರು. ರಿವೆಟ್ ಅಂದರೆ ಉಕ್ಕಿಗೆ ಮೊನೆಯಿಂದ ಒಂದು ಚುಕ್ಕೆ ಕುಟ್ಟಿದರೆ ಆಯಿತು. ವಿದ್ಯುತ್ ಕಿಡಿಯಿಂದ ಉಕ್ಕನ್ನು ಕೊರೆಯುವ ಸ್ಪಾರ್ಕ್ ಇರೋಷನ್ ಬಂದು, ಆಮೇಲೆ ಕಂಪ್ಯೂಟರ್ ಹೇಳಿದಂತೆ ಕೆತ್ತುವ ಯಂತ್ರಗಳು ಬಂದ ಮೇಲೆ ತಗ್ಗು ಗೆರೆ ಸುಲಭವಾಯಿತು. ಅಂದರೆ ನನ್ನ ಹರಿಕೇನಿನ ಮೇಲೆ ಉಬ್ಬಿದ ಒಂದೊಂದು ಗೆರೆಯೂ ಯಾರೋ ಕೆತ್ತನೆಗಾರ ಕೈಯಾರೆ ಎಳೆದದ್ದು. ಒಂದೆರಡು ಕಡೆ ಅವನ ಕೈ ಜಾರಿದೆ. ಭೂತಗನ್ನಡಿಯಲ್ಲಿ ನೋಡಿದರೆ ಗೊತ್ತಾಗುತ್ತದೆ.

ಉಜ್ಜಬೇಕೋ ಬಿಡಬೇಕೋ

ಸಾಮಾನ್ಯವಾಗಿ ಸಿಗುವ ಸಲಹೆ: ಉಬ್ಬು ಗೆರೆಗಳನ್ನೆಲ್ಲ ಉಜ್ಜಿ ಹಾಕಿ, ಸೂಜಿಯಿಂದ ಹೊಸದಾಗಿ ತಗ್ಗು ಗೆರೆ ಕೊರೆಯಿರಿ. ನನಗೆ ಇದು ಅಷ್ಟಾಗಿ ಒಪ್ಪುವುದಿಲ್ಲ. ಒಂದು ಲೆಕ್ಕ ಹಾಕಿ ನೋಡಿ.

1/72 ಅಂದರೆ ಮಾಡೆಲ್ಲಿನ ಒಂದು ಮಿಲಿಮೀಟರಿಗೆ ನಿಜ ವಿಮಾನದ 72 ಮಿಲಿಮೀಟರ್. (ಈ ವಿಚಿತ್ರ ಸಂಖ್ಯೆ ಅಡಿ-ಇಂಚಿನ ಲೆಕ್ಕದಿಂದ ಬಂದದ್ದು. ಆರು ಅಡಿ ಎತ್ತರದ ಮನುಷ್ಯ ಇದರಲ್ಲಿ ಸರಿಯಾಗಿ ಒಂದು ಇಂಚು.) ಹರಿಕೇನಿನ ರೆಕ್ಕೆಯ ಅಗಲ 40 ಅಡಿ, ಸುಮಾರು 12.2 ಮೀಟರ್. ಮಾಡೆಲ್ಲಿನಲ್ಲಿ 17 ಸೆಂಟಿಮೀಟರಿಗೆ ಕೂದಲೆಳೆ ಕಡಿಮೆ. ಈಗ ನೀವು ಸೂಜಿಯಿಂದ ಕೊರೆಯುವ ಗೆರೆ ಎಷ್ಟೇ ತೆಳುವಾದರೂ 0.1 ಮಿಲಿಮೀಟರ್ ಅಂದುಕೊಳ್ಳಿ. ನಿಜ ವಿಮಾನದಲ್ಲಿ ಅದು 7 ಮಿಲಿಮೀಟರಿಗೂ ಜಾಸ್ತಿ ಅಗಲದ ಸಂದಿ. ಅಷ್ಟು ಸಂದಿ ಬಿಟ್ಟು ಹಾಳೆ ಜೋಡಿಸಿದವನನ್ನು ಉದ್ಯಮಬಾಗದಲ್ಲಿ ಮಧ್ಯಾಹ್ನದ ಊಟಕ್ಕೆ ಮೊದಲೇ ಮನೆಗೆ ಕಳಿಸುತ್ತಾರೆ. ಉಬ್ಬು ಗೆರೆಯೂ ಸುಳ್ಳೇ, ತಗ್ಗು ಗೆರೆಯೂ ಸುಳ್ಳೇ. ಎರಡೂ ಕಣ್ಣಿಗೆ "ಇಲ್ಲಿ ಒಂದು ಜೋಡಣೆ ಇದೆ" ಅಂತ ಹೇಳುವ ಗುರುತು ಮಾತ್ರ.

ಹಾಗಾಗಿ ನಾನು ಮಾಡಿದ್ದು ಇಷ್ಟು. ಸಾಸಿವೆಯಂಥ ರಿವೆಟ್ಟುಗಳನ್ನು ಉಜ್ಜಿ ತಗ್ಗಿಸಿದೆ, ಪೂರ್ತಿ ಅಳಿಸಲಿಲ್ಲ. ಉಬ್ಬು ಗೆರೆಗಳನ್ನು ಬಿಟ್ಟೆ. ರೆಕ್ಕೆಯ ಹಿಂದಿನ ಅಂಚನ್ನು ಮಾತ್ರ ಬಿಡಲಿಲ್ಲ. ಅಲ್ಲಿ ದಪ್ಪ ಒಂದು ಮಿಲಿಮೀಟರ್ ಇತ್ತು. ನಿಜ ವಿಮಾನದ ಲೆಕ್ಕದಲ್ಲಿ ಏಳು ಸೆಂಟಿಮೀಟರ್! ಪ್ಲಾಸ್ಟಿಕ್ ಕೊನೆವರೆಗೂ ಹರಿಯುವ ಮೊದಲೇ ಗಟ್ಟಿಯಾಗಬಾರದು ಅಂತ ಡೈಯವರು ದಪ್ಪ ಬಿಡುತ್ತಿದ್ದರು. ರೆಕ್ಕೆಯ ಮೇಲಿನ ಹಾಗೂ ಕೆಳಗಿನ ಭಾಗಗಳನ್ನು ಅಂಟಿಸುವ ಮೊದಲು, ಒಳಮೈಯನ್ನು ಒಂದು ಗಾಜಿನ ಮೇಲೆ ಅಂಟಿಸಿದ ವಾಟರ್ ಪೇಪರಿಗೆ ಉಜ್ಜಿ ತೆಳು ಮಾಡಿದೆ. ಬೇಸರದ ಕೆಲಸ. ಆದರೆ ಹಳೇ ಕಿಟ್ಟಿನಲ್ಲಿ ಒಂದೇ ಒಂದು ತಿದ್ದುಪಡಿ ಮಾಡುವಷ್ಟು ಸಮಯ ಇದ್ದರೆ ಇದನ್ನೇ ಮಾಡಿ. ಗೆರೆಗಳಿಗಿಂತ ಮೊದಲು ಕಣ್ಣಿಗೆ ಬೀಳುವುದು ದಪ್ಪ ಅಂಚು.

ಹರಿಕೇನಿನ ಹಿಂಭಾಗದ ಕಥೆ ಬೇರೆ. ಅಲ್ಲಿ ಲೋಹದ ಹಾಳೆಯೇ ಇಲ್ಲ. ಲೋಹದ ಕೊಳವೆಗಳ ಹಂದರ, ಅದರ ಮೇಲೆ ಕಟ್ಟಿಗೆಯ ಪಟ್ಟಿಗಳು, ಅದರ ಮೇಲೆ ಬಟ್ಟೆ. ಬಟ್ಟೆಗೆ ಡೋಪ್ ಎಂಬ ವಾರ್ನಿಶ್ ಬಳಿದರೆ ಅದು ಒಣಗುತ್ತಾ ಹಲಗಿಯ ಚರ್ಮದಂತೆ ಬಿಗಿಯುತ್ತದೆ. ಕಟ್ಟಿಗೆ ಪಟ್ಟಿ ಇದ್ದ ಕಡೆ ಮೆಲ್ಲನೆ ಏಣು ಕಾಣುತ್ತದೆ, ಅಷ್ಟೇ. ನನ್ನ ಕಿಟ್ಟಿನಲ್ಲಿ ಅದು ಹೊರಸಿನ ಮೇಲೆ ಒದ್ದೆ ಧೋತರ ಒಣಹಾಕಿದಂತೆ ಜೋತುಬಿದ್ದಿತ್ತು. 600ರ ವಾಟರ್ ಪೇಪರನ್ನು ಬೆರಳಿಗೆ ಸುತ್ತಿ, ಉದ್ದಕ್ಕೆ ಉಜ್ಜಿ, ಏಣುಗಳ ಮೊನಚು ಮುರಿದೆ. ಅರ್ಧ ತಾಸಿನಲ್ಲಿ ಧೋತರ ಬಿಗಿಯಾಯಿತು.

ಅಂಟು ಅಂದರೆ ಅಂಟು ಅಲ್ಲ

ಹೊಸಬರು ಮಾಡುವ ಮೊದಲ ತಪ್ಪು ಫೆವಿಕ್ವಿಕ್. ಫೆವಿಕ್ವಿಕ್ ಎರಡು ಭಾಗಗಳ ನಡುವೆ ಒಂದು ಗಟ್ಟಿ ಪದರವಾಗಿ ನಿಲ್ಲುತ್ತದೆ. ಮಾಡೆಲ್ ಸಿಮೆಂಟ್ ಹಾಗಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸುವ ದ್ರಾವಕ. ಎರಡೂ ಅಂಚು ಕರಗಿ, ಒಂದರೊಳಗೊಂದು ಬೆರೆತು, ದ್ರಾವಕ ಆವಿಯಾದ ಮೇಲೆ ಒಂದೇ ಪ್ಲಾಸ್ಟಿಕ್ ಆಗುತ್ತವೆ. ಇದು ಅಂಟಿಸುವುದಲ್ಲ, ವೆಲ್ಡಿಂಗ್. ಭಾಗಗಳನ್ನು ಒಣದಾಗಿಯೇ ಜೋಡಿಸಿ ಹಿಡಿದು, ತೆಳು ಸಿಮೆಂಟಿನಲ್ಲಿ ಅದ್ದಿದ ಬ್ರಶ್ಶನ್ನು ಸಂದಿಗೆ ಮುಟ್ಟಿಸಿದರೆ ಸಾಕು, ದೀಪದ ಬತ್ತಿ ಎಣ್ಣೆ ಎಳೆದಂತೆ ಸಂದಿ ತಾನೇ ಎಳೆದುಕೊಳ್ಳುತ್ತದೆ. ಮೆಲ್ಲಗೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಒಂದು ಸಣ್ಣ ಮಣಿಸಾಲಿನಂತೆ ಹೊರಗೆ ಉಕ್ಕುತ್ತದೆ. ಅದು ಉಕ್ಕಲಿ. ಒಣಗಿದ ಮೇಲೆ ಉಜ್ಜಿದರೆ ಜೋಡಣೆಯ ಗೆರೆಯೇ ಇರುವುದಿಲ್ಲ.

ಪೇಂಟ್ ಅಂಗಡಿಯ ಎನ್‌ಸಿ ಥಿನ್ನರ್ ಕೂಡ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಅದಕ್ಕೇ ಅದರಿಂದ ಮಾಡೆಲ್ ಒರೆಸಬೇಡಿ. ನಾನು ಒರೆಸಿದ್ದೇನೆ, ಎಷ್ಟೋ ವರ್ಷದ ಹಿಂದೆ, ಒಂದು ಸ್ಪಿಟ್‌ಫೈರಿನ ಬಾಲ. ಈಗಲೂ ಆ ಬಾಲದ ಮೇಲೆ ನನ್ನ ಹೆಬ್ಬೆರಳಿನ ಗುರುತಿದೆ. ಸಿಮೆಂಟ್ ಆಗಲಿ ಥಿನ್ನರ್ ಆಗಲಿ, ಕಿಟಕಿ ತೆರೆದಿಟ್ಟೇ ಬಳಸಿ. ತಲೆನೋವು ಬಂದರೆ ಅದು ಏಕಾಗ್ರತೆಯಿಂದ ಬಂದದ್ದಲ್ಲ.

ಹಳೇ ಕಿಟ್ಟಿನಲ್ಲಿ ಭಾಗಗಳು ಒಂದಕ್ಕೊಂದು ಕೂರುವುದಿಲ್ಲ. ರೆಕ್ಕೆ ಮೈಗೆ ಸೇರುವ ಕಡೆ ಉಗುರು ಹೋಗುವಷ್ಟು ಸಂದಿ. ಪುಟ್ಟಿ ತುಂಬಬಹುದು. ಆದರೆ ನನಗೆ ಇಷ್ಟವಾದದ್ದು ಒಂದು ಹಳೇ ಉಪಾಯ. ಖಾಲಿ ನೇಲ್ ಪಾಲಿಶ್ ಬಾಟಲಿಯಲ್ಲಿ ಅರ್ಧ ತೆಳು ಸಿಮೆಂಟ್ ಹಾಕಿ, ಅದೇ ಕಿಟ್ಟಿನ ರನ್ನರಿನ ಚೂರುಗಳನ್ನು ಕತ್ತರಿಸಿ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಅಂಬಲಿಯಂಥ ಗಟ್ಟಿ ದ್ರವ ಸಿದ್ಧ. ಅದನ್ನು ಸಂದಿಗೆ ತುಂಬಿದರೆ ಅದೇ ಪ್ಲಾಸ್ಟಿಕ್ಕೇ ತುಂಬಿದಂತೆ. ಉಜ್ಜುವಾಗ ಸುತ್ತಲಿನಷ್ಟೇ ಗಟ್ಟಿ, ಬಣ್ಣ ಹಚ್ಚಿದರೆ ಬೇರೆ ಕಾಣುವುದಿಲ್ಲ. ಆದರೆ ಅವಸರ ಮಾಡಬೇಡಿ. ಒಳಗಿನ ದ್ರಾವಕ ಪೂರ್ತಿ ಹೋಗಲು ದಿನಗಳು ಬೇಕು. ಮರುದಿನವೇ ಉಜ್ಜಿ ನಯ ಮಾಡಿದರೆ, ವಾರದ ನಂತರ ಅದು ಒಣಗಿ ಕುಗ್ಗಿ ಮತ್ತೆ ತಗ್ಗು ಬೀಳುತ್ತದೆ. ಡೈಯಲ್ಲಿ ದಪ್ಪ ಪ್ಲಾಸ್ಟಿಕ್ ಕುಗ್ಗಿದ್ದಂತೆಯೇ.

ಸೊಟ್ಟ ರೆಕ್ಕೆಗೆ ಬಿಸಿ ನೀರು. ಕುದಿಯುವ ನೀರಲ್ಲ, 100 ಡಿಗ್ರಿ ಹತ್ತಿರ ಹೋದರೆ ಪಾಲಿಸ್ಟೈರೀನ್ ಪೂರ್ತಿ ಮೆತ್ತಗಾಗಿ ಹಪ್ಪಳವಾಗುತ್ತದೆ. ಕೈ ಇಡಲಾಗದಷ್ಟು ಬಿಸಿ ಸಾಕು. ಚಿಮುಟದಲ್ಲಿ ಹಿಡಿದು ಅದ್ದಿ, ಬಗ್ಗಿಸಿ, ಹಾಗೇ ಹಿಡಿದುಕೊಂಡು ತಣ್ಣೀರಿಗೆ. ಎರಡು ಮೂರು ಸಲ ಮಾಡಿದರೆ ನೆಟ್ಟಗಾಗುತ್ತದೆ.

ಕಾಕ್‌ಪಿಟ್ಟಿನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಸಿಮೆಂಟೂ ಬೇಡ, ಫೆವಿಕ್ವಿಕ್ಕಂತೂ ಬೇಡವೇ ಬೇಡ. ಅದರ ಆವಿ ಒಳಗಿಂದ ಮಂಜು ಕವಿದಂತೆ ಬಿಳಿ ಪೊರೆ ಕಟ್ಟಿಸುತ್ತದೆ. ಸಾದಾ ಬಿಳಿ ಫೆವಿಕಾಲ್ ಹಚ್ಚಿ. ಒಣಗಿದರೆ ಪಾರದರ್ಶಕ, ಜಾಸ್ತಿಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಹಳೇ ಮುಚ್ಚಳದ ಮೇಲೆ ಸಣ್ಣ ಗೀರುಗಳಿದ್ದರೆ ಹಲ್ಲುಜ್ಜುವ ಪೇಸ್ಟ್ ಹಚ್ಚಿ ಮೆತ್ತನೆ ಬಟ್ಟೆಯಿಂದ ಉಜ್ಜಿ. ಗೀರು ಹೋಗುತ್ತದೆ, ಮನೆಯಲ್ಲಿ ಪೇಸ್ಟ್ ಯಾಕೆ ಬೇಗ ಖಾಲಿಯಾಯಿತು ಅನ್ನೋದಕ್ಕೆ ಉತ್ತರ ನೀವೇ ಹುಡುಕಿಕೊಳ್ಳಿ.

ಡಬ್ಬಿ ಹೊಸದು, ಡೈ ಹಳೆಯದು

ಕೊಳ್ಳುವವರಿಗೆ ಒಂದು ಮಾತು. ಡಬ್ಬಿಯ ಮೇಲಿನ ಇಸವಿ ನೋಡಿ ಮೋಸಹೋಗಬೇಡಿ. ಡೈ ಅನ್ನೋದು ಊರೂರು ತಿರುಗುವ ಆಸ್ತಿ. ಬ್ರಿಟನ್ನಿನ ಫ್ರಾಗ್ ಕಂಪನಿ 1936ರಲ್ಲೇ 'ಪೆಂಗ್ವಿನ್' ಹೆಸರಲ್ಲಿ 1/72 ಅಳತೆಯ ಪ್ಲಾಸ್ಟಿಕ್ ಕಿಟ್ ತಂದಿತ್ತು. ಯುದ್ಧಾನಂತರದ ಅದರ ಡೈಗಳಲ್ಲಿ ಬಹಳಷ್ಟು 70ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಅಲ್ಲಿಂದ 'ನೋವೋ' ಹೆಸರಲ್ಲಿ ಅದೇ ವಿಮಾನಗಳು ಮತ್ತೆ ಬಂದವು. ಆದರೆ ಜರ್ಮನಿ ಮತ್ತು ಜಪಾನಿನ ವಿಮಾನಗಳ ಡೈಗಳು ಸೋವಿಯತ್ತಿಗೆ ಬೇಡವಾದವು. ಯುದ್ಧ ಮುಗಿದು ಮೂವತ್ತು ವರ್ಷವಾಗಿದ್ದರೂ ಪ್ಲಾಸ್ಟಿಕ್ ಶತ್ರುವೂ ಬೇಡ. ಅವು ರೆವೆಲ್ ಕಂಪನಿಗೆ ಹೋದವು. ಏರ್‌ಫಿಕ್ಸ್ 1981ರಲ್ಲಿ ದಿವಾಳಿಯಾಗಿ, ಕೈ ಬದಲಾಗಿ, 1986ರಲ್ಲಿ ಬಣ್ಣದ ಕಂಪನಿ ಹಂಬ್ರೋಲ್ ಜೊತೆ ಸೇರಿ, 2006ರಲ್ಲಿ ಹಾರ್ನ್‌ಬಿ ಪಾಲಾಯಿತು. ಡೈಗಳೂ ಜೊತೆಯಲ್ಲೇ ತಿರುಗಿದವು. ಮ್ಯಾಚ್‌ಬಾಕ್ಸ್ ಹೆಸರಿನ ಕಿಟ್ಟುಗಳು 70ರ ದಶಕದಲ್ಲಿ ಎರಡು ಮೂರು ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ಬರುತ್ತಿದ್ದವು, ಪೇಂಟ್ ಹಚ್ಚಲು ಬಾರದ ಮಕ್ಕಳಿಗಾಗಿ. ಕೆಲವದರ ತಗ್ಗು ಗೆರೆಗಳು ನಾಲೆಯಂತೆ ಆಳ. ಆ ಡೈಗಳಲ್ಲೂ ಹಲವು ಆಮೇಲೆ ರೆವೆಲ್ ಡಬ್ಬಿಯಲ್ಲಿ ಬಂದವು.

ಹಾಗಾದರೆ ಹಳೇ ಡೈ ಅಂತ ಗುರುತಿಸುವುದು ಹೇಗೆ? ಭಾಗಗಳ ಫೋಟೋ ಕೇಳಿ. ರೆಕ್ಕೆಯ ಒಳಮೈಯಲ್ಲಿ ಕೆಲವೊಮ್ಮೆ ಇಸವಿ ಕೆತ್ತಿರುತ್ತಾರೆ. ರಿವೆಟ್ ಉಬ್ಬಿದ್ದರೆ, ಪೈಲಟ್ ಕೂರಲು ಅಡ್ಡಪಟ್ಟಿ ಮಾತ್ರ ಇದ್ದರೆ, ಡಬ್ಬಿ ಎಷ್ಟೇ ಮಿಂಚಲಿ, ಒಳಗಿರುವುದು ಅಜ್ಜ.

ಹಳದಿ ಡೆಕಾಲ್, ನೀಲಿ ವೃತ್ತ

ಡೆಕಾಲ್ ಅಂದರೆ ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ಚಿತ್ರ. ಕಾಗದ, ಅದರ ಮೇಲೆ ನೀರಿಗೆ ಕರಗುವ ಗೋಂದು, ಅದರ ಮೇಲೆ ತೆಳು ವಾರ್ನಿಶ್ ಪೊರೆ, ಪೊರೆಯಲ್ಲಿ ಬಣ್ಣ. ನಲವತ್ತು ವರ್ಷದಲ್ಲಿ ಪೊರೆ ಹಳದಿಯಾಗುತ್ತದೆ, ಬಿರಿಯುತ್ತದೆ, ಗೋಂದು ಸತ್ತುಹೋಗುತ್ತದೆ.

ಹಳದಿಗೆ ಮದ್ದು ಬಿಸಿಲು. ಹಾಳೆಯನ್ನು ಪಾರದರ್ಶಕ ಚೀಲದಲ್ಲಿ ಹಾಕಿ, ಬಿಸಿಲು ಬೀಳುವ ಕಿಟಕಿಯ ಗಾಜಿಗೆ, ಚಿತ್ರ ಹೊರಗೆ ಕಾಣುವಂತೆ ಟೇಪ್ ಹಚ್ಚಿ. ವಾರ ಎರಡು ವಾರದಲ್ಲಿ ಹಳದಿ ಬಹಳಷ್ಟು ತಿಳಿಯಾಗುತ್ತದೆ. ಬೆಳಗಾವಿಯಲ್ಲಿ ಇದಕ್ಕೆ ಮಾರ್ಚ್ ತಿಂಗಳು ಸರಿ. ನಾನು ಮಾರ್ಚಿನಲ್ಲೇ ಮಾಡಿದೆ. ಹಾಲಿನವ ಮೂರು ದಿನ ಅದನ್ನೇ ನೋಡಿ, ಕೊನೆಗೆ "ಏನ್ರೀ ಸರ, ಯಾವ ಪಾರ್ಟಿದು?" ಅಂತ ಕೇಳಿದ.

ಬಿರಿದ ಹಾಳೆ ನೀರಿಗೆ ಹಾಕಿದರೆ ಚೂರುಚೂರಾಗುತ್ತದೆ. ಅದಕ್ಕೆ ಮೊದಲು ಹಾಳೆಯ ಮೇಲೆ ಪಾರದರ್ಶಕ ಲ್ಯಾಕರ್ ಸ್ಪ್ರೇ ಹೊಡೆದು ಹೊಸ ಪೊರೆ ಕೊಡಬೇಕು. ಆಮೇಲೆ ಒಂದೊಂದು ಚಿತ್ರವನ್ನೂ ಅಂಚಿಗೆ ಹತ್ತಿರ ಕತ್ತರಿಸಬೇಕು. ಎಲ್ಲಕ್ಕಿಂತ ಮೊದಲು ಬೇಡದ ಒಂದು ಚಿತ್ರವನ್ನು ನೀರಿಗೆ ಹಾಕಿ ನೋಡಿ. ಗೋಂದು ಇಲ್ಲದಿದ್ದರೆ ನೀರು ಬೆರೆಸಿದ ಒಂದು ಹನಿ ಫೆವಿಕಾಲ್. ಕೆಳಗಿನ ಬಣ್ಣ ಹೊಳಪಿನದ್ದಿರಬೇಕು. ಮ್ಯಾಟ್ ಬಣ್ಣದ ಮೈ ಒರಟು. ಆ ಒರಟಿನ ತಗ್ಗುಗಳಲ್ಲಿ ಗಾಳಿ ಸಿಕ್ಕಿ ಪೊರೆಯ ಕೆಳಗೆ ಬೆಳ್ಳಿಯಂತೆ ಮಿಂಚುತ್ತದೆ. ಹೊಳಪಿನ ಮೈಗೆ ಅಂಟಿಸಿ, ಕೊನೆಗೆ ಎಲ್ಲದರ ಮೇಲೂ ಮ್ಯಾಟ್ ವಾರ್ನಿಶ್.

ಇಷ್ಟೆಲ್ಲ ಮಾಡಿದ ಮೇಲೆ ನಾನು ಆ ಡೆಕಾಲಿನ ದೊಡ್ಡ ಭಾಗವನ್ನು ಬಳಸಲೇ ಇಲ್ಲ! ಅದು ಇಂಗ್ಲೆಂಡಿನ ಆಕಾಶದ ಹರಿಕೇನಿನ ಗುರುತು, ನಡುವೆ ಕೆಂಪು ಇರುವ ವೃತ್ತ. ನನಗೆ ಬೇಕಾಗಿದ್ದು ಬರ್ಮಾ ಗಡಿಯ ಹರಿಕೇನ್. ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ 1944ರಲ್ಲಿ ಇಂಫಾಲದಲ್ಲಿ ಹಾರಿಸಿದ್ದು ಹರಿಕೇನ್‌ಗಳನ್ನೇ. ಅದರ ನಾಯಕ ಅರ್ಜನ್ ಸಿಂಗ್. ಅಲ್ಲೇ ಅವರಿಗೆ ಡಿಎಫ್‌ಸಿ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಪದಕ ಬಂತು. ನಮ್ಮ ಸಾಂಬ್ರಾ ವಿಮಾನ ನಿಲ್ದಾಣವೂ ಆ ಕಾಲದ್ದೇ, 1942ರಲ್ಲಿ ಬ್ರಿಟಿಷ್ ವಾಯುಪಡೆ ತರಬೇತಿಗಾಗಿ ಕಟ್ಟಿದ್ದು. ಇವತ್ತು ಸಾಂಬ್ರಾದಿಂದ ಬೆಂಗಳೂರಿನ ವಿಮಾನ ಹತ್ತುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ.

ಬರ್ಮಾ ಕಡೆಯ ವಿಮಾನಗಳಲ್ಲಿ ಆ ಕೆಂಪನ್ನು ತೆಗೆದುಹಾಕಿದ್ದರು. ಜಪಾನಿನ ವಿಮಾನದ ಗುರುತು ಕೆಂಪು ಸೂರ್ಯ. ದೂರದಿಂದ ಒಂದು ಕೆಂಪು ಚುಕ್ಕೆ ಕಂಡರೆ ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸುವ ಅಪಾಯ. ಹಾಗಾಗಿ ಕಡುನೀಲಿ ವೃತ್ತ, ನಡುವೆ ತಿಳಿನೀಲಿ. ಬಾಲದ ಮೇಲಿನ ಪಟ್ಟಿಯಿಂದಲೂ ಕೆಂಪು ಮಾಯ. ಕಡುನೀಲಿ ಬಣ್ಣ ಬಳಿದ ಡೆಕಾಲ್ ಕಾಗದವನ್ನು ಒಂದು ತಗಡಿನ ಕೊಳವೆಯಿಂದ ದುಂಡಗೆ ಕತ್ತರಿಸಿದೆ, ತಿಳಿನೀಲಿಯದನ್ನು ಅದಕ್ಕಿಂತ ಸಣ್ಣ ಕೊಳವೆಯಿಂದ. ಆರು ಜೊತೆ ವೃತ್ತಗಳಿಗೆ ಮೂವತ್ತು ಸಲ ಕತ್ತರಿಸಿರಬೇಕು.

ಮೂತಿಯ ಕೆಳಗೆ ಒಂದು ಗದ್ದವೂ ಬೇಕಿತ್ತು. ನಮ್ಮ ದೇಶದ ಧೂಳು ಎಂಜಿನ್ನಿಗೆ ಹೋಗದಂತೆ ಹಾಕುತ್ತಿದ್ದ ವೋಕ್ಸ್ ಫಿಲ್ಟರ್ ಅದು. ರನ್ನರಿನ ದಪ್ಪ ತುಂಡನ್ನೇ ಉಜ್ಜಿ ಆಕಾರ ಕೊಟ್ಟೆ. ಕಿಟ್ಟಿನಲ್ಲಿದ್ದದ್ದು ಹನ್ನೆರಡು ಮೆಷಿನ್‌ಗನ್ನಿನ ಮಾದರಿ. ನನಗೆ ಬೇಕಾದದ್ದು 20 ಮಿಲಿಮೀಟರಿನ ನಾಲ್ಕು ತೋಪುಗಳದ್ದು. ಔಷಧ ಅಂಗಡಿಯಿಂದ ಹೊಸ ಸಿರಿಂಜಿನ ಸೂಜಿ ತಂದು, ಮೊನೆ ಉಜ್ಜಿ ಮೊಂಡು ಮಾಡಿ ನಾಲ್ಕು ತುಂಡು ಕತ್ತರಿಸಿ ಕೂರಿಸಿದೆ. ಅಂಗಡಿಯವರು "ಯಾರಿಗೆ ಆರಾಮ ಇಲ್ರೀ?" ಅಂದರು. ಹರಿಕೇನಿಗೆ ಅನ್ನಲಿಲ್ಲ.

ಕೊನೆಗೆ ಆಂಟೆನಾ ತಂತಿ. ರನ್ನರಿನ ತುಂಡನ್ನು ಮೇಣದಬತ್ತಿಯ ಉರಿಯ ಮೇಲೆ, ಉರಿಗೆ ತಾಗಿಸದೆ ತಿರುಗಿಸುತ್ತಾ ಹಿಡಿಯಬೇಕು. ನಡುವೆ ಮೆತ್ತಗಾಗಿ ಹೊಳೆಯತೊಡಗಿದಾಗ ಉರಿಯಿಂದ ಹೊರಗೆ ತಂದು, ಒಂದು ಉಸಿರು ನಿಂತು, ಎರಡೂ ಕಡೆ ಎಳೆಯಬೇಕು. ಬೆಲ್ಲದ ಪಾಕ ಎಳೆ ಬಂದಂತೆ ಕೂದಲಿನಂಥ ಎಳೆ ಬರುತ್ತದೆ. ಬೇಗ ಎಳೆದರೆ ತೆಳು, ನಿಧಾನಕ್ಕೆ ಎಳೆದರೆ ದಪ್ಪ. ಕಾಕಾ ಬಂದು ಪಕ್ಕದಲ್ಲಿ ಕೂತಿದ್ದರು. ನನ್ನ ಮೂರು ಎಳೆ ತುಂಡಾದವು. ನಾಲ್ಕನೆಯದು ಅವರೇ ಎಳೆದರು, ಒಂದು ಮಾರು ಉದ್ದ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲ ಕಿಟ್ಟಿಗೂ ಅದು ಒಂದೇ. ಬಣ್ಣ ಹಚ್ಚುವ ಮೊದಲು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ, ಡೈಗೆ ಹಚ್ಚಿದ ಎಣ್ಣೆಯ ಜಿಡ್ಡು ಇಷ್ಟು ವರ್ಷದ ಮೇಲೂ ಇರಬಹುದು. ಮತ್ತೆ ಮಳೆಗಾಲದಲ್ಲಿ ಲ್ಯಾಕರ್ ಹೊಡೆಯಬೇಡಿ. ದ್ರಾವಕ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವವನ್ನು ಹಿಡಿದುಕೊಳ್ಳುತ್ತದೆ, ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ನನ್ನ ಹರಿಕೇನಿಗೆ ಇನ್ನು ಕೊನೆಯ ಮ್ಯಾಟ್ ವಾರ್ನಿಶ್ ಮಾತ್ರ ಬಾಕಿ. ಹೊರಗೆ ನಾಲ್ಕು ದಿನದಿಂದ ಜಿಟಿಜಿಟಿ ಮಳೆ ನಿಂತಿಲ್ಲ, ಬಾಗಿಲುಗಳೆಲ್ಲ ಉಬ್ಬಿ ಕೂತಿವೆ. ಒಂದು ಬೂಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿದ್ದೇನೆ, ಅಕ್ಟೋಬರ್‌ವರೆಗೆ. ಟ್ರಂಕಿನಲ್ಲಿ ಅಲ್ಲ.